ಕಲ್ಯಾಣದ ಕರುಳಿಗೂ ಪ್ರಯೋಗಾಲಯದಲ್ಲಿ ಒಂದು ಜಾಗ

(ದತ್ತಿ ಉಪನ್ಯಾಸದ ಲಿಖಿತ ರೂಪ)

ಹುಮನಾಬಾದ್ ತಾಲ್ಲೂಕಿನ ಯಾವ ಹಳ್ಳಿಯಲ್ಲೇ ಆಗಲಿ, ತಿಂಗಳುಗಟ್ಟಲೆ ಹೊಟ್ಟೆನೋವು, ರಕ್ತಭೇದಿಯಿಂದ ನರಳುವ ರೋಗಿ ತುಳಿಯುವ ದಾರಿ ಬಹುಮಟ್ಟಿಗೆ ಒಂದೇ. ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ, ಆಮೇಲೆ ಹುಮನಾಬಾದ್ ಇಲ್ಲವೆ ಬಸವಕಲ್ಯಾಣದ ತಾಲ್ಲೂಕು ಆಸ್ಪತ್ರೆ, ಅಲ್ಲಿಂದ ಬೀದರಿನ ವೈದ್ಯಕೀಯ ಕಾಲೇಜು ಆಸ್ಪತ್ರೆಯಾದ ಬ್ರಿಮ್ಸ್ ಅಥವಾ ಕಲಬುರಗಿ. ಅಲ್ಲೂ ಬಗೆಹರಿಯದಿದ್ದರೆ ರಾಷ್ಟ್ರೀಯ ಹೆದ್ದಾರಿ 65 ಹಿಡಿದು ಪೂರ್ವಕ್ಕೆ ಹೈದರಾಬಾದ್, ಪಶ್ಚಿಮಕ್ಕೆ ಸೊಲ್ಲಾಪುರ. ಈ ಅಲೆದಾಟದ ನಡುವೆ ಎಲ್ಲೋ ಒಂದು ಕಡೆ ಎಂಡೋಸ್ಕೋಪಿ ಆಗುತ್ತದೆ. ವೈದ್ಯರು ಕೊಳವೆಯ ತುದಿಯ ಚಿಮುಟದಿಂದ ಕರುಳಿನ ಒಳಪದರದ ಎರಡು-ಮೂರು ಮಿಲಿಮೀಟರಿನ ಚೂರೊಂದನ್ನು ಕಿತ್ತು ಫಾರ್ಮಲಿನ್ ಬಾಟಲಿಗೆ ಹಾಕುತ್ತಾರೆ. ಚೂರಿನ ಕೋಶಗಳು ಅಲ್ಲಿಗೆ ಸಾಯುತ್ತವೆ, ಆದರೆ ಅವುಗಳ ಆಕಾರ ಕೆಡದೆ ಉಳಿಯುತ್ತದೆ. ರೋಗಶಾಸ್ತ್ರಜ್ಞರು ಅದನ್ನು ತೆಳ್ಳಗೆ ಕತ್ತರಿಸಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡಿ ವರದಿ ಬರೆಯುತ್ತಾರೆ. ಆ ವರದಿ ಇಲ್ಲದೆ ಚಿಕಿತ್ಸೆ ಸಾಗದು. ಆದರೂ ಈ ಕರುಳಿಗೆ ಯಾವ ಔಷಧಿ ಹಿಡಿಯುತ್ತದೆ, ಯಾವ ರೋಗಾಣು ಇದನ್ನು ಹೇಗೆ ಹೊಗುತ್ತದೆ ಎಂಬ ಪ್ರಶ್ನೆಗೆ ಸತ್ತ ಕೋಶ ಉತ್ತರ ಕೊಡಲಾರದು.

ಅದೇ ಜಾಗದಿಂದ ತೆಗೆದ ಇನ್ನೊಂದು ಚೂರನ್ನು ತಣ್ಣನೆಯ ಪೋಷಕ ದ್ರಾವಣದಲ್ಲಿ ಹಾಕಿ, ಐಸ್ ಪೆಟ್ಟಿಗೆಯಲ್ಲಿಟ್ಟು ಒಂದು ದಿನದೊಳಗೆ ತಕ್ಕ ಪ್ರಯೋಗಾಲಯಕ್ಕೆ ಮುಟ್ಟಿಸಿದರೆ ಅದರ ಕೋಶಗಳನ್ನು ಬದುಕಿಸಬಹುದು. ಬೆಳೆಸಿದರೆ ಅವು ಅದೇ ರೋಗಿಯ ಕರುಳಿನ ಒಳಪದರದ ಪುಟ್ಟ ಪ್ರತಿರೂಪವಾಗುತ್ತವೆ. ಅದನ್ನೇ ಆರ್ಗನಾಯ್ಡ್ ಎನ್ನುತ್ತಾರೆ. ಆ ತಂತ್ರ, ಅದಕ್ಕಾಗಿ ಹಲವು ಸಂಸ್ಥೆಗಳು ಹಂಚಿಕೊಂಡು ನಡೆಸುವ ಪ್ರಯೋಗಾಲಯ, ಅದರಲ್ಲಿ ಬಸವಕಲ್ಯಾಣ-ಹುಮನಾಬಾದ್ ಭಾಗದ ಜನರಿಗೂ ಜಾನುವಾರುಗಳಿಗೂ ಸಲ್ಲಬೇಕಾದ ಪಾಲು: ಈ ಮೂರು ಇಂದಿನ ಉಪನ್ಯಾಸದ ವಿಷಯ.

ಮನುಷ್ಯದೇಹದಲ್ಲಿ ಕರುಳಿನ ಒಳಪದರದಷ್ಟು ಬೇಗ ಹೊಸದಾಗುವ ಅಂಗಾಂಶಗಳು ವಿರಳ. ಮೂರರಿಂದ ಐದು ದಿನಗಳಲ್ಲಿ ಹಳೆಯ ಕೋಶಗಳು ಉದುರಿ ಹೊಸವು ಬರುತ್ತವೆ. ಸಣ್ಣ ಕರುಳಿನ ಒಳಗೆ ಬೆರಳಿನಂಥ ಚಾಚುಗಳಿವೆ. ಅವುಗಳ ಬುಡದಲ್ಲಿ ಕ್ರಿಪ್ಟ್ ಎಂಬ ಸಣ್ಣ ಗುಣಿಗಳಿವೆ. ಹೊಸ ಕೋಶಗಳನ್ನು ಹಡೆಯುವ ಆಕರಕೋಶಗಳು, ಅಂದರೆ ಸ್ಟೆಮ್ ಸೆಲ್‌ಗಳು, ಆ ಗುಣಿಗಳ ತಳದಲ್ಲಿರುತ್ತವೆ. 2007ರಲ್ಲಿ ನೆದರ್ಲೆಂಡ್ಸ್‌ನ ಉಟ್ರೆಕ್ಟ್ ನಗರದ ಹುಬ್ರೆಕ್ಟ್ ಸಂಸ್ಥೆಯಲ್ಲಿ ಹ್ಯಾನ್ಸ್ ಕ್ಲೆವರ್ಸ್ ಅವರ ತಂಡ ಎಲ್‌ಜಿಆರ್5 ಎಂಬ ಗುರುತಿನಿಂದ ಈ ಕೋಶಗಳನ್ನು ಪತ್ತೆಹಚ್ಚಿತು. ಎರಡು ವರ್ಷಗಳ ನಂತರ, 2009ರಲ್ಲಿ, ಅದೇ ತಂಡದ ಜಪಾನಿ ವೈದ್ಯವಿಜ್ಞಾನಿ ತೊಶಿರೊ ಸಾಟೊ ಇಲಿಯ ಕರುಳಿನಿಂದ ಇಂಥ ಒಂದೇ ಒಂದು ಕೋಶವನ್ನು ತೆಗೆದು, ಗುಣಿಯೂ ಚಾಚೂ ಇರುವ ಪುಟ್ಟ ಕರುಳಿನ ರಚನೆ ಬೆಳೆಸಿ ತೋರಿಸಿದರು. ಸುತ್ತಲಿನ ಅಂಗಾಂಶದ ಆಸರೆ ಇಲ್ಲದೆ ಈ ಕೋಶಗಳನ್ನು ದೀರ್ಘಕಾಲ ಸಾಕುವುದು ಅಲ್ಲಿಯವರೆಗೆ ಯಾರಿಗೂ ಕೈಗೂಡಿರಲಿಲ್ಲ. 2011ರ ಹೊತ್ತಿಗೆ ಮನುಷ್ಯರ ಕರುಳಿನಿಂದಲೂ ಅದು ಸಾಧ್ಯವಾಯಿತು.

ಈ ಕೆಲಸ ನಡೆಯುವ ಮೇಜನ್ನು ಹತ್ತಿರದಿಂದ ನೋಡಬೇಕು. ಬಂದ ಚೂರನ್ನು ತಣ್ಣನೆಯ ಉಪ್ಪಿನ ದ್ರಾವಣದಲ್ಲಿ ಪ್ರತಿಜೀವಕ ಹಾಕಿ ಹಲವು ಸಲ ತೊಳೆಯುತ್ತಾರೆ, ಏಕೆಂದರೆ ಕರುಳೆಂದರೆ ಬ್ಯಾಕ್ಟೀರಿಯಾಗಳ ಮನೆ. ಆಮೇಲೆ ಇಡಿಟಿಎ ಎಂಬ ರಾಸಾಯನಿಕದಲ್ಲಿ ನೆನೆಸಿ ಕುಲುಕಿದರೆ ಗುಣಿಗಳು ಕಳಚಿ ತೇಲುತ್ತವೆ. ಅವುಗಳನ್ನು ಮ್ಯಾಟ್ರಿಜೆಲ್ ಎಂಬ ಲೋಳೆಯಲ್ಲಿ ಬೆರೆಸಬೇಕು. ಇಲಿಯ ಒಂದು ಬಗೆಯ ಗಡ್ಡೆಯಿಂದ ತಯಾರಾಗುವ ಈ ಲೋಳೆ ಐಸಿನ ಮೇಲೆ ನೀರಾಗಿರುತ್ತದೆ, ಬೆಚ್ಚಗಾದರೆ ಗಟ್ಟಿಯಾಗುತ್ತದೆ. ಹಾಗಾಗಿ ಪಿಪೆಟ್ ಹಿಡಿದವರ ಕೈ ಚುರುಕಾಗಿರಬೇಕು. ತಟ್ಟೆಯ ಒಂದೊಂದು ಕುಣಿಯಲ್ಲಿ ಒಂದೊಂದು ಹನಿ ಇಟ್ಟು 37 ಡಿಗ್ರಿಯ ಇನ್‌ಕ್ಯುಬೇಟರಿನಲ್ಲಿ ಹದಿನೈದು ನಿಮಿಷ ಬಿಟ್ಟರೆ ಹನಿ ಹೆಪ್ಪುಗಟ್ಟುತ್ತದೆ. ಅದರ ಮೇಲೆ ಪೋಷಕ ದ್ರಾವಣ ತುಂಬುತ್ತಾರೆ. ಇಜಿಎಫ್, ನಾಗಿನ್, ಆರ್-ಸ್ಪಾಂಡಿನ್, ವಿಂಟ್ ಎಂಬ ಪ್ರೋಟೀನುಗಳು ಅದರಲ್ಲಿರಲೇಬೇಕು. ಮರುದಿನ ಸೂಕ್ಷ್ಮದರ್ಶಕದಡಿ ಗುಣಿಗಳ ತುಂಡುಗಳು ಬಾಯಿ ಮುಚ್ಚಿಕೊಂಡು ದುಂಡಗಾಗಿ ಕಾಣುತ್ತವೆ. ಒಂದು ವಾರದಲ್ಲಿ ಒಳಗೆ ಟೊಳ್ಳಿರುವ ಚೆಂಡುಗಳು, ಅವುಗಳಿಂದ ಮೊಗ್ಗಿನಂತೆ ಹೊರಚಾಚಿದ ಹೊಸ ಗುಣಿಗಳು ಮೂಡುತ್ತವೆ. ಎರಡು-ಮೂರು ದಿನಕ್ಕೊಮ್ಮೆ ದ್ರಾವಣ ಬದಲಿಸಬೇಕು, ವಾರ-ಹತ್ತು ದಿನಕ್ಕೊಮ್ಮೆ ಒಡೆದು ಹೊಸ ಹನಿಗಳಿಗೆ ಹಂಚಬೇಕು. ಭಾನುವಾರವಾಗಲಿ, ಯುಗಾದಿ-ರಂಜಾನ್ ಆಗಲಿ, ಈ ಸರದಿ ತಪ್ಪುವಂತಿಲ್ಲ. ಸಾಕಷ್ಟು ಬೆಳೆದವನ್ನು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿಟ್ಟರೆ ವರ್ಷಗಳ ನಂತರವೂ ಎಬ್ಬಿಸಿ ಬೆಳೆಸಬಹುದು.

ಇಷ್ಟೆಲ್ಲ ಕಷ್ಟಪಟ್ಟು ಏನು ಸಿಕ್ಕಿತು?

ಮೊದಲ ಉತ್ತರ ವಾಂತಿಭೇದಿಯ ಕತೆಯಲ್ಲಿದೆ. ಕಾಲರಾ ವಿಷ ಕರುಳಿನ ಕೋಶವನ್ನು ಹೊಕ್ಕಾಗ ಒಳಗೆ ಸೈಕ್ಲಿಕ್ ಎಎಂಪಿ ಎಂಬ ಸಂಕೇತ ಏರುತ್ತದೆ. ಸಿಎಫ್‌ಟಿಆರ್ ಎಂಬ ಬಾಗಿಲು ತೆರೆದು ಕ್ಲೋರೈಡ್ ಹೊರಬೀಳುತ್ತದೆ, ಅದರ ಹಿಂದೆ ನೀರು ಹರಿಯುತ್ತದೆ. ಆರ್ಗನಾಯ್ಡ್‌ನಲ್ಲಿ ಇದನ್ನು ಕಣ್ಣಾರೆ ಕಾಣಬಹುದು. ಫೋರ್ಸ್ಕೊಲಿನ್ ಎಂಬ ವಸ್ತುವನ್ನೋ ಕಾಲರಾ ವಿಷವನ್ನೋ ಹಾಕಿದರೆ ಟೊಳ್ಳಿನೊಳಗೆ ನೀರು ತುಂಬಿ ಚೆಂಡು ಉಬ್ಬುತ್ತದೆ. ಸಿಸ್ಟಿಕ್ ಫೈಬ್ರೋಸಿಸ್ ಎಂಬ ಆನುವಂಶಿಕ ರೋಗದಲ್ಲಿ ಅದೇ ಬಾಗಿಲು ಕೆಟ್ಟಿರುತ್ತದೆ, ಆದ್ದರಿಂದ ಆ ರೋಗಿಗಳ ಆರ್ಗನಾಯ್ಡ್ ಉಬ್ಬುವುದಿಲ್ಲ. ಔಷಧಿ ಹಾಕಿದಾಗ ಉಬ್ಬಿದರೆ ಆ ಔಷಧಿ ಆ ರೋಗಿಗೆ ಹಿಡಿಯುವ ಸಂಭವ ಹೆಚ್ಚು. ಉಟ್ರೆಕ್ಟಿನ ವಿಜ್ಞಾನಿಗಳು 2013ರಲ್ಲಿ ಪ್ರಕಟಿಸಿದ ಈ ಪರೀಕ್ಷೆ, ಅಪರೂಪದ ಜೀನ್ ದೋಷವಿರುವ ರೋಗಿಗಳಿಗೆ ಔಷಧಿ ಆರಿಸಲು ಅಲ್ಲಿ ನೆರವಾಯಿತು.

ಎರಡನೆಯದು ನೊರೊವೈರಸ್. 1968ರಲ್ಲಿ ಅಮೆರಿಕದ ಓಹಿಯೋ ರಾಜ್ಯದ ನಾರ್ವಾಕ್ ಎಂಬ ಊರಿನ ಶಾಲೆಯಲ್ಲಿ ವಾಂತಿಭೇದಿ ಹಬ್ಬಿತು. 1972ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅದರ ವೈರಸ್ ಕಂಡಿತು. ಆಮೇಲೆ ನಾಲ್ಕು ದಶಕ ಎಷ್ಟು ಹೆಣಗಿದರೂ ಮನುಷ್ಯರ ನೊರೊವೈರಸ್ ಅನ್ನು ಪ್ರಯೋಗಾಲಯದಲ್ಲಿ ನೆಚ್ಚುವಂತೆ ಬೆಳೆಸಲು ಆಗಿರಲಿಲ್ಲ. 2016ರಲ್ಲಿ ಹ್ಯೂಸ್ಟನ್ ನಗರದ ಬೇಲರ್ ವೈದ್ಯಕೀಯ ಕಾಲೇಜಿನ ಮೇರಿ ಎಸ್ಟೆಸ್ ಅವರ ತಂಡ ಮನುಷ್ಯ ಕರುಳಿನ ಆರ್ಗನಾಯ್ಡ್‌ಗಳಲ್ಲಿ ಅದನ್ನು ಬೆಳೆಸಿತು. ಕೆಲವು ತಳಿಗಳಿಗೆ ಪಿತ್ತರಸ ಬೆರೆಸಿದ ಮೇಲೆಯೇ ಬೆಳವಣಿಗೆ ಸಾಧ್ಯವಾಯಿತು. ಅಲ್ಲೇ ಇನ್ನೊಂದು ಸಂಗತಿಯೂ ಸ್ಪಷ್ಟವಾಯಿತು. ಎಫ್‌ಯುಟಿ2 ಎಂಬ ಜೀನ್ ಕೆಲಸ ಮಾಡದವರ ಕರುಳಿನಿಂದ ಬೆಳೆಸಿದ ಆರ್ಗನಾಯ್ಡ್‌ಗಳಲ್ಲಿ ಆ ವೈರಸ್ಸಿನ ಬಹು ಸಾಮಾನ್ಯ ತಳಿ ಬೆಳೆಯಲಿಲ್ಲ. ಹಲವು ಜನಸಮುದಾಯಗಳಲ್ಲಿ ಐವರಲ್ಲಿ ಸುಮಾರು ಒಬ್ಬರು ಇಂಥವರು. ಅಂದರೆ ಕರುಳೆಲ್ಲ ಒಂದೇ ಅಲ್ಲ. ಯಾರ ಕರುಳಿನಲ್ಲಿ ಪರೀಕ್ಷೆ ನಡೆಯಿತು ಎಂಬುದರ ಮೇಲೆ ಉತ್ತರ ಬದಲಾಗುತ್ತದೆ.

ಈ ಉಪನ್ಯಾಸದ ಮುಖ್ಯ ಮಾತು ಇಲ್ಲಿಂದಲೇ ಹುಟ್ಟುತ್ತದೆ. ಜಗತ್ತಿನ ಆರ್ಗನಾಯ್ಡ್ ಬ್ಯಾಂಕುಗಳು ಬಹುಪಾಲು ಯುರೋಪ್, ಅಮೆರಿಕ, ಜಪಾನುಗಳಲ್ಲಿವೆ. ಅವುಗಳಲ್ಲಿರುವುದು ಹೆಚ್ಚಾಗಿ ಅಲ್ಲಿನ ಆಸ್ಪತ್ರೆಗಳಿಗೆ ಬಂದವರ ಕರುಳು. ಜೋಳದ ರೊಟ್ಟಿ, ತೊಗರಿಬೇಳೆ ತಿಂದು, ಬೇಸಿಗೆಯಲ್ಲಿ ಬತ್ತುವ ಬಾವಿಯ ನೀರು ಕುಡಿದು, ಚಿಕ್ಕಂದಿನಲ್ಲಿ ಮತ್ತೆ ಮತ್ತೆ ಭೇದಿ ಅನುಭವಿಸಿ ಬೆಳೆದವರ ಕರುಳು ಆ ಲೆಕ್ಕದಲ್ಲಿ ಸೇರದಿದ್ದರೆ ಔಷಧಿ, ಲಸಿಕೆಗಳ ತೀರ್ಮಾನ ಬೇರೆಯವರ ಕರುಳನ್ನು ನೋಡಿಯೇ ಆಗುತ್ತದೆ. ಭಾರತದೊಳಗೇ ಇಂಥ ಅಂತರವಿದೆ. 2016ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಗೋಧಿಯ ಗ್ಲುಟೆನ್ ಒಗ್ಗದ ಸೀಲಿಯಾಕ್ ರೋಗ ಉತ್ತರ ಭಾರತದ ವಯಸ್ಕರಲ್ಲಿ ಶೇ. 1.23, ದಕ್ಷಿಣದಲ್ಲಿ ಶೇ. 0.10 ಮಾತ್ರ.

ಕರ್ನಾಟಕದ ನೆಲದಲ್ಲೇ ಇದಕ್ಕೊಂದು ಪಾಠವಿದೆ. ಬೆಂಗಳೂರಿನ ಆಸ್ಪತ್ರೆಗಳಲ್ಲಿ ಆಗತಾನೇ ಹುಟ್ಟಿದ ಶಿಶುಗಳಲ್ಲಿ, ಭೇದಿಯ ಲಕ್ಷಣವೇ ಇಲ್ಲದೆ ನೆಲೆಸಿದ್ದ ರೊಟಾವೈರಸ್ ಒಂದನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಸಿ. ದುರ್ಗಾರಾವ್ ಅವರ ತಂಡ ಗುರುತಿಸಿತು. ಅದರ ಹೆಸರು ಐ321. ಅದರ 11 ಜೀನ್ ತುಣುಕುಗಳಲ್ಲಿ 9 ದನಗಳ ರೊಟಾವೈರಸ್ಸಿನವು, ಉಳಿದೆರಡು ಮನುಷ್ಯರ ವೈರಸ್ಸಿನವು. ದೆಹಲಿಯಲ್ಲಿ ಸಿಕ್ಕ 116ಇ ಎಂಬ ತಳಿಯಲ್ಲೂ ದನದ ವೈರಸ್ಸಿನ ಒಂದು ಜೀನ್ ಇತ್ತು. ಎರಡನ್ನೂ ಲಸಿಕೆಯಾಗಿ ಶಿಶುಗಳಿಗೆ ಕೊಟ್ಟು ಪರೀಕ್ಷಿಸಿದಾಗ 116ಇ ಹೆಚ್ಚಿನ ರೋಗನಿರೋಧಕ ಸ್ಪಂದನ ತಂದಿತು. ಅದೇ ಮುಂದೆ ರೊಟಾವ್ಯಾಕ್ ಆಗಿ 2014ರಲ್ಲಿ ಪರವಾನಗಿ ಪಡೆದು, 2016ರಲ್ಲಿ ರಾಷ್ಟ್ರೀಯ ಲಸಿಕಾ ಕಾರ್ಯಕ್ರಮ ಸೇರಿತು. ಬಾಯಿಗೆ ಹಾಕುವ ರೊಟಾ ಲಸಿಕೆಗಳು ಭಾರತದಲ್ಲಿ ತೀವ್ರ ಭೇದಿಯನ್ನು ಅರ್ಧಕ್ಕಿಂತ ತುಸು ಹೆಚ್ಚು ತಡೆಯುತ್ತವೆ, ಶ್ರೀಮಂತ ದೇಶಗಳಲ್ಲಿ ಅದಕ್ಕಿಂತ ಬಹಳ ಹೆಚ್ಚು. ಈ ವ್ಯತ್ಯಾಸದ ಕಾರಣಗಳಲ್ಲಿ ಕೆಲವು ಕರುಳಿನಲ್ಲೇ ಅಡಗಿವೆ. ಈಗ ರೊಟಾವೈರಸ್ ಮನುಷ್ಯ ಆರ್ಗನಾಯ್ಡ್‌ಗಳಲ್ಲೂ ಬೆಳೆಯುತ್ತದೆ. ಹಾಗಾಗಿ ಇಲ್ಲಿನ ಶಿಶುಗಳ ಕರುಳಿನ ಮಾದರಿಯಲ್ಲೇ ಆ ಕಾರಣಗಳನ್ನು ಹುಡುಕುವ ದಾರಿ ತೆರೆದಿದೆ.

ದನದ ವೈರಸ್ ಮಗುವಿಗೆ ದಾಟಿದ ಈ ಸಂಗತಿ ಬೀದರ್ ಜಿಲ್ಲೆಗೆ ದೂರದ್ದಲ್ಲ. ದೇವಣಿ ಎಂಬ ದನದ ತಳಿಯ ತವರು ಸೀಮೆಯಲ್ಲಿ ಈ ಜಿಲ್ಲೆಯೂ ಸೇರಿದೆ. ಹಟ್ಟಿಯೂ ಮನೆಯೂ ಒಂದೇ ಅಂಗಳದಲ್ಲಿರುವ ಹಳ್ಳಿಗಳಲ್ಲಿ ಕರುವಿನ ಭೇದಿ, ಕೂಸಿನ ಭೇದಿ ಎರಡನ್ನೂ ಒಬ್ಬಳೇ ತಾಯಿ ಆರೈಕೆ ಮಾಡುತ್ತಾಳೆ. 2004ರ ಕಾಯ್ದೆಯಂತೆ ಸ್ಥಾಪನೆಯಾದ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಕೇಂದ್ರಸ್ಥಾನ ಬೀದರ್. ದನದ ಕರುಳಿನ ಆರ್ಗನಾಯ್ಡ್‌ಗಳನ್ನು ಬೇರೆ ದೇಶಗಳಲ್ಲಿ ಬೆಳೆಸಿದ್ದಾರೆ. ಸ್ಕಾಟ್ಲೆಂಡಿನ ರೊಸ್ಲಿನ್ ಸಂಸ್ಥೆಯಲ್ಲಿ ದನಗಳನ್ನು ಸೊರಗಿಸುವ ಜೋನ್ಸ್ ಕಾಯಿಲೆಯ ರೋಗಾಣುವನ್ನು ಅಂಥ ಮಾದರಿಯಲ್ಲಿ ಅಭ್ಯಾಸ ಮಾಡಿದ್ದಾರೆ. ಇದಕ್ಕೆಂದೇ ಪ್ರಾಣಿಯನ್ನು ಕೊಯ್ಯಬೇಕಿಲ್ಲ, ಕಸಾಯಿಖಾನೆಯಲ್ಲಿ ಎಸೆಯುವ ಕರುಳಿನ ಬೆರಳುದ್ದದ ತುಂಡು ಸಾಕು.

ಹಾಗಾದರೆ ಬೀದರಿನ ಪ್ರತಿಯೊಂದು ಸಂಸ್ಥೆಯೂ ಒಂದೊಂದು ಆರ್ಗನಾಯ್ಡ್ ಪ್ರಯೋಗಾಲಯ ಕಟ್ಟಬೇಕೆ? ಬೇಡ. ಕಟ್ಟಿದರೂ ನಡೆಯದು. ಮ್ಯಾಟ್ರಿಜೆಲ್ ಹೊರದೇಶದಿಂದ ಹೆಪ್ಪುಗಟ್ಟಿದ ಸ್ಥಿತಿಯಲ್ಲೇ ಬರಬೇಕು. ದಾರಿಯಲ್ಲಿ ಕರಗಿ ಬೆಚ್ಚಗಾದರೆ ಇಡೀ ಸೀಸೆ ಹಾಳು. ಪೋಷಕ ದ್ರಾವಣದ ಪ್ರೋಟೀನುಗಳು ದುಬಾರಿ. ಮೈಕೊಪ್ಲಾಸ್ಮ ಎಂಬ ಸೋಂಕು ಸದ್ದಿಲ್ಲದೆ ಹೊಕ್ಕರೆ ತಿಂಗಳುಗಳ ಕೆಲಸ ಮಣ್ಣುಪಾಲು. ಮೈನಸ್ 80 ಡಿಗ್ರಿಯ ಫ್ರೀಜರಿಗೆ ಕರೆಂಟ್ ಹೋಗುವಂತಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಕೈ ಪಳಗಿದ ತಂತ್ರಜ್ಞರು ಬೇಕು. ಅವರಿಗೆ ವರ್ಷಕ್ಕೆ ನಾಲ್ಕು ಮಾದರಿ ಮಾತ್ರ ಬಂದರೆ ಕೈ ಪಳಗುವುದೇ ಇಲ್ಲ. ಊರಿಗೆಲ್ಲ ಸಾಮಾನ್ಯವಾದ ಕೆರೆಯನ್ನು ಎಲ್ಲರೂ ಸೇರಿ ಹೂಳೆತ್ತಿ ಕಾಪಾಡಿದಂತೆ, ಈ ವ್ಯವಸ್ಥೆಯನ್ನೂ ಹಲವರು ಸೇರಿಯೇ ಉಳಿಸಬೇಕಾಗುತ್ತದೆ.

ಹೊರಗೆ ಇದನ್ನು ಮಾಡಿ ತೋರಿಸಿದವರಿದ್ದಾರೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ಜೀರ್ಣಾಂಗ ವಿಭಾಗವು ಸಂಸದ ಸಿಲ್ವಿಯೊ ಕಾಂಟೆ ಅವರ ಹೆಸರಿನಲ್ಲಿ ಜೀರ್ಣಾಂಗ ರೋಗ ಸಂಶೋಧನಾ ಕೇಂದ್ರಗಳ ಜಾಲಕ್ಕೆ ಹಣ ಕೊಡುತ್ತದೆ. ಅವುಗಳಲ್ಲಿ ಒಂದಾದ ಹ್ಯೂಸ್ಟನ್ ಕೇಂದ್ರದಲ್ಲಿ ಆರ್ಗನಾಯ್ಡ್ ಬೆಳೆಸಿಕೊಡುವ ಸಾಮಾನ್ಯ ಸೇವೆಯಿದೆ. ಸಂಶೋಧಕರು ಶುಲ್ಕ ಕಟ್ಟಿ ಬೆಳೆದ ಆರ್ಗನಾಯ್ಡ್, ತಯಾರಾದ ಪೋಷಕ ದ್ರಾವಣ, ತರಬೇತಿ ಪಡೆಯುತ್ತಾರೆ. ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಥ್ಯಾಡಿಯಸ್ ಸ್ಟ್ಯಾಪನ್‌ಬೆಕ್ ಅವರ ತಂಡ 2013ರಲ್ಲಿ ವಿವರಿಸಿದ ವಿಧಾನ ಇಂಥ ಸೇವೆಗಳಿಗೆ ದೊಡ್ಡ ಆಸರೆಯಾಯಿತು. ಎಲ್-ಡಬ್ಲ್ಯುಆರ್‌ಎನ್ ಎಂಬ ಒಂದೇ ಕೋಶಸಾಲು, ಅಂದರೆ ಸೆಲ್ ಲೈನ್, ವಿಂಟ್, ಆರ್-ಸ್ಪಾಂಡಿನ್, ನಾಗಿನ್ ಮೂರನ್ನೂ ಸ್ರವಿಸುತ್ತದೆ. ಒಂದು ಪ್ರಯೋಗಾಲಯ ಅದನ್ನು ದೊಡ್ಡ ಪ್ರಮಾಣದಲ್ಲಿ ಬೆಳೆಸಿ, ಆ ದ್ರಾವಣವನ್ನು ಪರೀಕ್ಷಿಸಿ ಹಂಚಿದರೆ ಹತ್ತಾರು ಪ್ರಯೋಗಾಲಯಗಳ ಖರ್ಚು ಇಳಿಯುತ್ತದೆ. ಎಲ್ಲರೂ ಒಂದೇ ದ್ರಾವಣ ಬಳಸುವುದರಿಂದ ಒಬ್ಬರ ಫಲಿತಾಂಶವನ್ನು ಇನ್ನೊಬ್ಬರದರ ಜೊತೆ ಹೋಲಿಸುವುದೂ ಸಲೀಸು.

ಭಾರತಕ್ಕೂ ಈ ಪದ್ಧತಿ ಹೊಸತಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಉಪಕರಣ ಕೇಂದ್ರ ಹೊರಗಿನ ಸಂಸ್ಥೆಗಳ ಮಾದರಿಗಳನ್ನೂ ಶುಲ್ಕ ಪಡೆದು ಪರೀಕ್ಷಿಸುತ್ತದೆ. ಬೆಂಗಳೂರಿನ ಜಿಕೆವಿಕೆ ಆವರಣದಲ್ಲಿ ಎನ್‌ಸಿಬಿಎಸ್ ಮತ್ತು ಇನ್‌ಸ್ಟೆಮ್ ಎಂಬ ಜೀವವಿಜ್ಞಾನ ಸಂಶೋಧನಾ ಸಂಸ್ಥೆಗಳ ಮಗ್ಗುಲಲ್ಲೇ ಇರುವ ಸಿ-ಕ್ಯಾಂಪ್ ಕೇಂದ್ರ 2009ರಲ್ಲಿ ಶುರುವಾದದ್ದೇ ದುಬಾರಿ ಜೀವವಿಜ್ಞಾನ ಸೌಲಭ್ಯಗಳನ್ನು ಎಲ್ಲರಿಗೂ ಒದಗಿಸಲು. ಯಾವ ಉಪಕರಣ ದೇಶದ ಎಲ್ಲಿದೆ, ಹೇಗೆ ಕಾಯ್ದಿರಿಸಬೇಕು ಎಂದು ತಿಳಿಸುವ ಐ-ಸ್ಟೆಮ್ ಜಾಲತಾಣ 2020ರ ಜನವರಿಯಲ್ಲಿ ಬೆಂಗಳೂರಿನಲ್ಲೇ ಉದ್ಘಾಟನೆಯಾಯಿತು. ಕಾನೂನೂ ಜೊತೆಗೂಡಿದೆ. 2023ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಔಷಧಿಗಳ ನಿಯಮಗಳಿಗೆ ತಿದ್ದುಪಡಿ ತಂದು, ಪ್ರಾಣಿಪ್ರಯೋಗದ ಬದಲಿಗೆ ಆರ್ಗನಾಯ್ಡ್‌ನಂಥ ಮಾನವಕೋಶ ಆಧಾರಿತ ವಿಧಾನಗಳಿಗೂ ಅವಕಾಶ ಕೊಟ್ಟಿತು.

ಬಸವಕಲ್ಯಾಣ, ಹುಮನಾಬಾದ್‌ಗಳ ಭೂಗೋಳ ಇಲ್ಲಿ ನೆರವಿಗೆ ಬರುತ್ತದೆ. ಹೆದ್ದಾರಿ 65ರ ಒಂದು ದಿಕ್ಕಿನಲ್ಲಿ ಹೈದರಾಬಾದಿನ ಕೋಶೀಯ ಮತ್ತು ಅಣು ಜೀವವಿಜ್ಞಾನ ಕೇಂದ್ರ, ಅಂದರೆ ಸಿಸಿಎಂಬಿ. ಇನ್ನೊಂದು ದಿಕ್ಕಿನ ಕೊನೆಗೆ ಪುಣೆಯ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರ. ದೇಶದ ಸಂಶೋಧಕರಿಗೆಲ್ಲ ಕೋಶಸಾಲುಗಳನ್ನು ಕಾಪಿಟ್ಟು ಹಂಚುವ ಭಂಡಾರ ಇರುವುದು ಅಲ್ಲೇ. ಬಸವಕಲ್ಯಾಣದ ಸಸ್ತಾಪುರ ಬಂಗ್ಲಾ ಬಳಿ ಹಗಲಿರುಳೂ ನಿಲ್ಲುವ ಬಸ್ಸು-ಲಾರಿಗಳು ಈ ಎರಡೂ ನಗರಗಳಿಗೆ ಹೋಗುತ್ತವೆ. ಹುಮನಾಬಾದಿನಿಂದ ಹೈದರಾಬಾದಿಗೆ ಒಂದು ಐಸ್ ಪೆಟ್ಟಿಗೆ ತಲುಪಲು ಅರ್ಧ ದಿನ ಸಾಕು. ಜೀವಂತ ಚೂರು ಒಂದು ದಿನ ತಡೆಯುತ್ತದೆ. ಈ ಲೆಕ್ಕದಲ್ಲಿ ದೂರ ಅಡ್ಡಿಯಲ್ಲ. ಅಡ್ಡಿಯಿರುವುದು ಚೂರು ತೆಗೆಯುವ ಎಂಡೋಸ್ಕೋಪಿ ಕೋಣೆಗೂ ಅದನ್ನು ಬೆಳೆಸಬಲ್ಲ ಮೇಜಿಗೂ ನಡುವೆ ಒಪ್ಪಂದ, ಪೆಟ್ಟಿಗೆ, ಜನ ಯಾವುದೂ ಇಲ್ಲದಿರುವುದರಲ್ಲಿ.

ಆಗಬೇಕಾದದ್ದು ಇಷ್ಟು. ಬೀದರಿನಲ್ಲಿ ಒಂದು ಸಂಗ್ರಹ ಘಟಕ. ಬ್ರಿಮ್ಸ್ ಮತ್ತು ಪಶುವೈದ್ಯಕೀಯ ವಿಶ್ವವಿದ್ಯಾಲಯ ಅದನ್ನು ಜಂಟಿಯಾಗಿ ನಡೆಸಬಹುದು. ಮೊದಲ ವರ್ಷ ಮೇಕೆ-ಕರುಗಳ ಕರುಳಿನಲ್ಲಿ ಕೈ ಪಳಗಿಸಿಕೊಂಡು, ಆಮೇಲೆ ನೀತಿ ಸಮಿತಿಯ ಅನುಮತಿ ಪಡೆದು ರೋಗಿಗಳ ಮಾದರಿಗೆ ಬರುವುದು ಸುರಕ್ಷಿತ ಕ್ರಮ. ಬೆಳೆಸುವ, ಕಾಪಿಡುವ ಕೆಲಸಕ್ಕೆ ಹೈದರಾಬಾದ್ ಅಥವಾ ಬೆಂಗಳೂರಿನ ದೊಡ್ಡ ಕೇಂದ್ರದ ಜೊತೆ ಲಿಖಿತ ಒಪ್ಪಂದವಿರಲಿ. ಆ ಒಪ್ಪಂದದಲ್ಲಿ ಶುಲ್ಕ ಎಷ್ಟು, ಎಷ್ಟು ದಿನದಲ್ಲಿ ಫಲಿತಾಂಶ, ಮಾದರಿಯ ಒಡೆತನ ಯಾರದು ಎಂಬುದು ಸ್ಪಷ್ಟವಾಗಿರಬೇಕು. ಕಲಬುರಗಿಯ ವೈದ್ಯಕೀಯ ಕಾಲೇಜುಗಳೂ 2009ರಲ್ಲಿ ಆರಂಭವಾದ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯವೂ ಇದರ ಪಾಲುದಾರರಾಗಬಹುದು. ಸಂವಿಧಾನದ 371(ಜೆ) ವಿಧಿಯ ಬಲದಿಂದ ಬಂದ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಕಟ್ಟಡಗಳಿಗೆ ಹಣ ಕೊಟ್ಟಂತೆ, ಇಬ್ಬರು ತಂತ್ರಜ್ಞರ ಐದು ವರ್ಷದ ಸಂಬಳಕ್ಕೂ ಕೊಡಬೇಕು. ಉಪಕರಣ ಕೊಂಡು ಜನರನ್ನು ನೇಮಿಸದಿದ್ದರೆ ಧೂಳು ತುಂಬುವ ಕೋಣೆ ಮತ್ತೊಂದು ಸೇರುತ್ತದೆ, ಅಷ್ಟೆ.

ರೋಗಿಯ ಒಪ್ಪಿಗೆಯ ಮಾತು ತೀರ ಮುಖ್ಯ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೀತಿ ಮಾರ್ಗಸೂಚಿಯಲ್ಲಿ ಜೈವಿಕ ಮಾದರಿ ಮತ್ತು ಬ್ಯಾಂಕುಗಳಿಗೆ ಪ್ರತ್ಯೇಕ ಅಧ್ಯಾಯವಿದೆ. ಆರ್ಗನಾಯ್ಡ್ ವಿಷಯದಲ್ಲಿ ಅದು ಇನ್ನೂ ಸೂಕ್ಷ್ಮ, ಏಕೆಂದರೆ ಚೂರು ಕೊಟ್ಟವರ ಜೀವಕೋಶ ಅವರು ತೀರಿಕೊಂಡ ಮೇಲೂ ಎಲ್ಲೋ ಬೆಳೆಯುತ್ತಿರಬಹುದು, ಅದರಿಂದ ಯಾವುದೋ ಕಂಪನಿ ಔಷಧಿ ಮಾಡಬಹುದು. ಇದನ್ನು ಇಂಗ್ಲಿಷಿನಲ್ಲಿ ಅಚ್ಚಾದ ಮೂರು ಪುಟದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿ ಮುಗಿಸುವಂತಿಲ್ಲ. ಬೀದರ್ ಜಿಲ್ಲೆಯಲ್ಲಿ ಕನ್ನಡ, ದಖನಿ ಉರ್ದು, ಮರಾಠಿ, ತೆಲುಗು ಮಾತಾಡುವವರಿದ್ದಾರೆ. ಅವರವರ ಭಾಷೆಯಲ್ಲಿ, ಮನೆಯವರ ಮುಂದೆ, ಬೇಡವೆನ್ನುವ ಹಕ್ಕೂ ಇದೆ ಎಂದು ಹೇಳಿಯೇ ಕೇಳಬೇಕು. ಬೇಡವೆಂದರೆ ಚಿಕಿತ್ಸೆಯಲ್ಲಿ ಒಂದಿಷ್ಟೂ ಕಡಿಮೆಯಾಗದು ಎಂಬ ಭರವಸೆ ಬಾಯಿಮಾತಿನಲ್ಲಿ ಉಳಿಯದೆ ಕಾಗದದಲ್ಲೂ ಇರಬೇಕು.

ಮಿತಿಗಳನ್ನೂ ಮುಚ್ಚಿಡಬಾರದು. ಸಾಮಾನ್ಯ ಆರ್ಗನಾಯ್ಡ್‌ನಲ್ಲಿ ರಕ್ತನಾಳ, ನರ, ರೋಗನಿರೋಧಕ ಕೋಶ ಇರುವುದಿಲ್ಲ. ಕರುಳಿನಲ್ಲಿ ನೆಲೆಸಿದ ಕೋಟ್ಯಂತರ ಸೂಕ್ಷ್ಮಜೀವಿಗಳೂ ಇರುವುದಿಲ್ಲ. ಆಹಾರ ಸಾಗುವ ಒಳಮೈ ಚೆಂಡಿನೊಳಗೆ ಮುಚ್ಚಿಹೋಗಿರುವುದರಿಂದ ರೋಗಾಣು ಹಾಕಲು ಅದನ್ನು ಒಡೆದು ಹಾಸಬೇಕು, ಇಲ್ಲವೆ ಒಳಹೊರಗು ಮಾಡಬೇಕು. ಕ್ಯಾನ್ಸರ್ ರೋಗಿಗಳ ಗಡ್ಡೆಯಿಂದ ಬೆಳೆಸಿದ ಆರ್ಗನಾಯ್ಡ್‌ಗಳು ಔಷಧಿಯ ಪರಿಣಾಮವನ್ನು ಮೊದಲೇ ಸೂಚಿಸಬಲ್ಲವು ಎಂದು 2018ರಲ್ಲಿ ಲಂಡನ್ನಿನ ತಂಡ ತೋರಿಸಿತಾದರೂ ಅದು ಕೆಲವೇ ರೋಗಿಗಳ ಅಧ್ಯಯನ. 2022ರಲ್ಲಿ ಟೋಕಿಯೊದ ವೈದ್ಯರು ಅಲ್ಸರೇಟಿವ್ ಕೊಲೈಟಿಸ್ ಎಂಬ ಕರುಳುಹುಣ್ಣಿನ ಕಾಯಿಲೆಯ ರೋಗಿಗೆ ಅವರದೇ ಕರುಳಿನ ಆರ್ಗನಾಯ್ಡ್ ಕಸಿ ಮಾಡಿದರು, ಅದೂ ಪ್ರಯೋಗದ ಹಂತದ್ದೇ. ಆದ್ದರಿಂದ ಯಾರಾದರೂ ಸ್ಟೆಮ್ ಸೆಲ್ ಹೆಸರಿನಲ್ಲಿ ಹೊಟ್ಟೆಯ ಕಾಯಿಲೆ ವಾಸಿಮಾಡುತ್ತೇವೆಂದು ಹಣ ಕೇಳಿದರೆ ನಂಬಬೇಡಿ. ಅನುಮೋದಿತ ಪ್ರಯೋಗದ ಹೊರಗೆ ಅಂಥ ಚಿಕಿತ್ಸೆಗೆ 2017ರ ರಾಷ್ಟ್ರೀಯ ಮಾರ್ಗಸೂಚಿ ಅವಕಾಶ ಕೊಟ್ಟಿಲ್ಲ. ಕರುವಿಗಾಗಲಿ ಕೂಸಿಗಾಗಲಿ ಭೇದಿಯಾದಾಗ ಇವತ್ತಿಗೂ ಜೀವ ಉಳಿಸುವುದು ನೀರು, ಉಪ್ಪು, ಸಕ್ಕರೆಯ ಹದವಾದ ದ್ರಾವಣವೇ. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಾಲನಬೀಸ್ ಅದನ್ನು ಸಾವಿರಾರು ಕಾಲರಾ ರೋಗಿಗಳಿಗೆ ಕೊಟ್ಟು ತೋರಿಸಿದರು. ಸಕ್ಕರೆಯಿದ್ದರೆ ಕರುಳಿನ ಕೋಶ ಉಪ್ಪನ್ನೂ ನೀರನ್ನೂ ಒಳಗೆಳೆದುಕೊಳ್ಳುತ್ತದೆ ಎಂಬ ಮೂಲ ಸಂಶೋಧನೆ ಇಲ್ಲದಿದ್ದರೆ ಆ ದ್ರಾವಣ ಹುಟ್ಟುತ್ತಲೇ ಇರಲಿಲ್ಲ.

ಈ ಸಭೆಯಲ್ಲಿರುವ ವೈದ್ಯರು, ಪಶುವೈದ್ಯರು, ಕಾಲೇಜು ಅಧ್ಯಾಪಕರು, ಚುನಾಯಿತ ಪ್ರತಿನಿಧಿಗಳಲ್ಲಿ ಒಂದು ವಿನಂತಿ. ಜಿಲ್ಲೆಯ ಮುಂದಿನ ಆರೋಗ್ಯ ಯೋಜನೆ ಬರೆಯುವಾಗ ಕಟ್ಟಡದ ಪಟ್ಟಿಯ ಜೊತೆಗೆ ಜೀವಂತ ಮಾದರಿಯ ಸಂಗ್ರಹ ಘಟಕವೊಂದನ್ನು, ಅದಕ್ಕೆ ಬೇಕಾದ ಇಬ್ಬರು ತಂತ್ರಜ್ಞರನ್ನು, ಒಂದು ಹಂಚಿಕೆಯ ಒಪ್ಪಂದವನ್ನು ಸೇರಿಸಿ. ಜೀವವಿಜ್ಞಾನ ಓದುತ್ತಿರುವ ಬಸವಕಲ್ಯಾಣ, ಹುಮನಾಬಾದ್‌ನ ವಿದ್ಯಾರ್ಥಿಗಳು ಕೋಶ ಬೆಳೆಸುವ ತರಬೇತಿಗೆ ಬೆಂಗಳೂರು, ಹೈದರಾಬಾದ್, ಪುಣೆಯ ಸಂಸ್ಥೆಗಳಿಗೆ ಅರ್ಜಿ ಹಾಕಲಿ. ಅಧ್ಯಾಪಕರು ಕುಳಿತು ಆ ಅರ್ಜಿ ತುಂಬಿಸಲಿ. ಎಂಡೋಸ್ಕೋಪಿಗೆ ಹೋಗುವ ಪ್ರತಿಯೊಬ್ಬರೂ ತಮ್ಮ ಚೂರು ಎಲ್ಲಿಗೆ ಹೋಗುತ್ತದೆ, ಅದರಿಂದ ಏನು ತಿಳಿಯುತ್ತದೆ ಎಂದು ಸಂಕೋಚವಿಲ್ಲದೆ ಕೇಳಲಿ. ಬೀದರ್ ಜಿಲ್ಲೆಯ ರೋಗಿಗಳ ಹೆಸರು ದೊಡ್ಡ ಆಸ್ಪತ್ರೆಗಳ ದಾಖಲೆ ಪುಸ್ತಕದಲ್ಲಿ ದಶಕಗಳಿಂದ ಇದೆ. ಸಂಶೋಧನೆಯ ಬ್ಯಾಂಕಿನಲ್ಲೂ, ಅವರ ಒಪ್ಪಿಗೆಯಿಂದ, ಅವರಿಗೆ ಪ್ರಯೋಜನವಾಗುವಂತೆ, ಅವರ ಪಾಲು ಇರಬೇಕು. ಆ ಕೆಲಸವನ್ನು ಈ ವರ್ಷವೇ ಆರಂಭಿಸಬೇಕೆಂದು ಎಲ್ಲರಲ್ಲೂ ಕೋರಿಕೆ.